ತಮ್ಮಯ್ಯ ಸೀಮೆಸುಣ್ಣ ಬಿಟ್ಟುಕೊಟ್ಟದ್ದು

ಹೊಸ ಪದ್ಧತಿ ಒಂದು ಕಡೆ ಬೇರು ಬಿಡುತ್ತದೆ, ಇನ್ನೊಂದು ಕಡೆ ಒಣಗಿಹೋಗುತ್ತದೆ. ಯಾಕೆ? ಈ ಹುಳ ನನ್ನ ತಲೆಗೆ ಹೊಕ್ಕದ್ದು ಪಾಂಡವಪುರದ ಪಂಪ್‌ಸೆಟ್ ರಿಪೇರಿ ಕೇಂದ್ರದಲ್ಲಿ. ನಾನಲ್ಲಿ ಸ್ಟೋರ್ ಕೀಪರ್ ಶಿವಲಿಂಗಯ್ಯ. ತಮ್ಮಯ್ಯನವರು ಹೆಡ್ ಮೆಕಾನಿಕ್. ಮೋಟಾರಿನ ಸದ್ದು ಕೇಳಿಯೇ ಏನು ಹೋಗಿದೆ ಎಂದು ಹೇಳಬಲ್ಲ ಮನುಷ್ಯ. ಬಾಯಿ ಮಾತ್ರ ಬಲು ಜೋರು.

೧೯೯೫ರಲ್ಲಿ ಮೈಸೂರಿನಿಂದ ತರಬೇತಿ ಕೊಡಲು ರಘುನಂದನ್ ಎಂಬುವರು ಬಂದು ಮೂರು ತಿಂಗಳಿದ್ದರು. ಗೋಡೆಗೆ ಕರಿಹಲಗೆ ಹಾಕಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಎಂಟೂ ಮೆಕಾನಿಕ್‌ಗಳು ಅದರ ಮುಂದೆ ನಿಂತು ನಿನ್ನೆ ಏನು ಮುಗಿಯಿತು, ಇವತ್ತು ಏನು ಮಾಡುವುದು, ಎಲ್ಲಿ ಕೆಟ್ಟಿತು ಎಂದು ಹೇಳಬೇಕು. ಕೆಟ್ಟದ್ದನ್ನು ಮಾಡಿದವನ ಹೆಸರಿನ ಸಮೇತ ಬರೆಯಬೇಕು, ಆದರೆ ಬೈಯಬಾರದು. ಮೋಟಾರು ತಂದ ರೈತರೂ ನಿಂತು ಕೇಳಬಹುದು. ಹದಿನೈದು ದಿನ ಕಾಯಿಸುತ್ತಿದ್ದ ಮೋಟಾರು ನಾಲ್ಕೇ ದಿನಕ್ಕೆ ಸಿದ್ಧವಾಗತೊಡಗಿತು.

“ಆರಂಭಶೂರತ್ವ! ಆಯಪ್ಪ ಬಸ್ಸತ್ತಿದ ವಾರಕ್ಕೆ ಹಲಗೆ ಸೌದೆ” ಎಂದು ನಾನು ನಕ್ಕೆ. ನನ್ನ ಮಾತು ಸುಳ್ಳಾಯಿತು. ರಘುನಂದನ್ ಹೋದ ಮೇಲೆ ತಮ್ಮಯ್ಯನವರು ಸೀಮೆಸುಣ್ಣ ಹಿಡಿದರು. ಒಂದು ವರ್ಷ ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನ ರಜೆ ಹಾಕಿದರು. ವಾಪಸು ಬಂದು ನೋಡಿದರೆ ಹಲಗೆಯ ಮೊಳೆಗೆ ಟಿಫನ್ ಕ್ಯಾರಿಯರ್‌ಗಳು ನೇತಾಡುತ್ತಿವೆ. ಇವತ್ತು ಈ ಮೆಕಾನಿಕ್‌ಗಳ ಗ್ರಹಚಾರ ಬಿಡಿಸುತ್ತಾರೆ ಅಂದುಕೊಂಡೆ. ಅವರು ಬೈಯಲೇ ಇಲ್ಲ. ನನ್ನ ಸ್ಟೋರಿಗೆ ಬಂದು ಕೂತರು.

“ಇವ್ರು ಅಲಗೆ ಮುಂದೆ ನಿಂತಿರ್ನಿಲ್ಲ ಶಿವಲಿಂಗಯ್ಯ, ನನ್ ಮುಂದೆ ನಿಂತಿದ್ರು. ನಂಗಿನ್ನು ಎಂಟ್ ತಿಂಗ್ಳು ಸರ್ವೀಸು. ನಾನು ರಿಟೈರಾದ ದಿನಾನೇ ಇದೂ ಓಯ್ತದೆ.”

ಅವರ ಕಣ್ಣು ತುಂಬಿತ್ತು. ಅದು ಆಪರೇಷನ್ನಿನ ನೀರು ಎಂದು ನಾನು ನಂಬಲಿಲ್ಲ, ನನಗೂ ಸಂಕಟವಾಯಿತು.

ಮಾರನೇ ದಿನ ಅವರು ಸೀಮೆಸುಣ್ಣವನ್ನು ಚಲುವರಾಜುವಿನ ಕೈಗಿಟ್ಟರು. ಅವನು ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸದವನು, ಮೂವತ್ತು ದಾಟಿದರೂ ತಮ್ಮಯ್ಯನವರೆದುರು ಬಾಯಿ ಬಿಡದವನು.

“ಈ ವಾರ ನಿನ್ ಸರದಿ. ಮುಂದಿನ ವಾರ ಕೆಂಪಣ್ಣಂದು. ಸರದಿ ಇದ್ದೋನೇ ಯಾವ ಮೋಟಾರು ಮೊದ್ಲು ಅಂತ ಏಳ್ಬೇಕು. ನಾನೂ ನಿಮ್ಮಂಗೆ ಸಾಲಲ್ಲಿ ನಿಂತ್ಕತೀನಿ. ನಾಲೆ ನೀರಿನ ಸರದಿ ಯಾವನಾದ್ರೂ ಬುಟ್ಟವ್ನೇನ್ಲಾ? ಬುಟ್ರೆ ಪಕ್ಕದ ಗದ್ದೆಯೋನು ತಿರುಗಿಸ್ಕತಾನೆ.”

ಎಲ್ಲರೂ ನಾಲೆ ಬಯಲಿನ ಮಕ್ಕಳು. ಸರದಿ ಅಂದರೇನು ಎಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆದರೂ ನನಗೆ ಅನುಮಾನ. ಸ್ಟೋರಿನ ಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದೆ.

ಎರಡು ತಿಂಗಳಿಗೆ ಸರದಿ ಸುತ್ತಿ ಮತ್ತೆ ಚಲುವರಾಜುವಿಗೆ ಬಂತು. ಆ ವಾರವೇ ಚಿನಕುರಳಿಯ ಪುಟ್ಟಗೌರಮ್ಮ ರಿಪೇರಿಯಾಗಿ ಹೋಗಿದ್ದ ಮೋಟಾರನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದರು. ಓಡುತ್ತದೆ, ನೀರೆತ್ತುವುದಿಲ್ಲ. ಬಿಚ್ಚಿ ನೋಡಿದರೆ ಎರಡು ವೈರು ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುತ್ತಿತ್ತು. ವೈರು ಕಟ್ಟಿದ್ದವರು ತಮ್ಮಯ್ಯನವರು. ಮೂವತ್ತು ವರ್ಷದಲ್ಲಿ ಅವರ ಕೈಯಿಂದ ಹೋದ ಮೋಟಾರು ವಾಪಸು ಬಂದಿರಲಿಲ್ಲ.

ಚಲುವರಾಜು ಹಲಗೆಯ ಮೇಲೆ “ಚಿನಕುರಳಿ ಮೋಟಾರು ಉಲ್ಟಾ” ಎಂದಷ್ಟೇ ಬರೆದು ನಿಂತುಬಿಟ್ಟ.

“ಮೂರ್ ದಿನದಿಂದ ಕಬ್ಬು ಒಣಗ್ತಾ ಅದೆ. ಯಾರ್ ಕಟ್ಟಿದ್ದು ಏಳ್ರಪ್ಪ” ಅಂದರು ಪುಟ್ಟಗೌರಮ್ಮ.

“ಓಗ್ಲಿ ಬುಡು, ಎಸ್ರು ಯಾಕೆ” ಎಂದು ಬಾಗಿಲಿಂದಲೇ ನಾನು ಅಂದೆ. ನಾಚಿಕೆಗೇಡು, ಆದರೆ ಅಂದೆ.

ತಮ್ಮಯ್ಯನವರ ಮುಖ ಕೆಂಪಗಾಗಿತ್ತು. “ಬರಿಯಲಾ” ಅಂದರು.

“ಅಣ್ಣ, ನಿಮ್ಮೆಸ್ರು...”

“ಇವತ್ತು ನನ್ನೆಸ್ರು ಬರೀದಿದ್ರೆ ನಾಳೆ ಯಾವನೆಸ್ರು ಬರೀತೀಯಲಾ?”

ಚಲುವರಾಜು ಹೆಸರು ಬರೆದ. ತಮ್ಮಯ್ಯನವರು ಪುಟ್ಟಗೌರಮ್ಮನವರಿಗೆ ಕೈಮುಗಿದು, ತಾವೇ ಟ್ರಾಕ್ಟರ್ ಹತ್ತಿ ಚಿನಕುರಳಿಗೆ ಹೋಗಿ ಮೋಟಾರು ಕೂರಿಸಿ, ನೀರು ಬಂದ ಮೇಲೆ ವಾಪಸಾದರು.

೧೯೯೭ರ ಮಾರ್ಚ್ ಕೊನೆಗೆ ಅವರು ರಿಟೈರಾದರು. ಏಪ್ರಿಲ್ ಒಂದರ ಬೆಳಿಗ್ಗೆ ನಾನು ಗಡಿಯಾರ ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಒಂಬತ್ತಾಯಿತು. ಉಳಿದ ಏಳೂ ಜನ ಹಲಗೆ ಮುಂದೆ ಬಂದರು. ಸರದಿ ಕೆಂಪಣ್ಣನದು. ಅವನು ನನ್ನ ಕಡೆ ತಿರುಗಿದ.

“ಶಿವಲಿಂಗಣ್ಣ, ಎಷ್ಟ್ ದಿನ ಅಂತ ಅಲ್ಲೇ ನಿಂತ್ಕಂಡು ನೋಡೀರಿ? ನಿನ್ನೆ ತಪ್ಪು ಬೇರಿಂಗ್ ಕೊಟ್ಟೋರು ನೀವೇಯಾ. ಬನ್ನಿ.”

ಹೋಗಿ ಸಾಲಿನಲ್ಲಿ ನಿಂತೆ. ನನ್ನ ಹೆಸರು ಬರೆದ.