ಅಕ್ಕನ ಮದುವೆಗೆ ಮೂರು ದಿನ ರಜೆ

ನಾನು ಅಂಜುಬುರುಕ. ಬೇರೆಯವರು ಹೇಳಿದರೆ ಮೈ ಉರಿಯುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹುಮನಾಬಾದಿನಿಂದ ಬಸವಕಲ್ಯಾಣದ ಹೈಸ್ಕೂಲಿಗೆ ಹನ್ನೆರಡು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದ್ದೇನೆ. ಇವತ್ತಿಗೂ ಹತ್ತುವ ಮುಂಚೆ ಕಂಡಕ್ಟರನನ್ನು "ಕಲ್ಯಾಣಕ್ಕ ಹೋಗ್ತದಲ್ರಿ?" ಎಂದು ಕೇಳುತ್ತೇನೆ. ಅಲ್ಲಿ ನಾನು ಮಾಡುವ ಕನ್ನಡ ಪಾಠವೂ ಹಾಗೆಯೇ. ಪ್ರಬಂಧವಿರಲಿ, ಪತ್ರವಿರಲಿ, ನಾನು ಬೋರ್ಡಿನ ಮೇಲೆ ಬರೆದದ್ದನ್ನೇ ಮಕ್ಕಳು ಬಾಯಿಪಾಠ ಮಾಡಬೇಕು. ಸ್ವಂತದ್ದು ಬರೆದು ಪರೀಕ್ಷೆಯಲ್ಲಿ ಅಂಕ ಹೋದರೆ ಯಾರು ಹೊಣೆ? ರಜೆ ಅರ್ಜಿಗೆ ನಾನು ಕಲಿಸಿದ ಕಾರಣಗಳು ಎರಡೇ: ಜ್ವರ, ಇಲ್ಲವೇ ಅಕ್ಕನ ಮದುವೆ.

ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಹಿಂದಿ ಟೀಚರ್ ನನಗೆ ತದ್ವಿರುದ್ಧ. ಮಕ್ಕಳು ತಪ್ಪುತಪ್ಪು ಹಿಂದಿಯಲ್ಲಿ ಕೂಗಾಡಿದರೂ ನಗುತ್ತ ಕೇಳುವರು. "ಮಾತಾಡ್ಲಿ ಬಿಡ್ರಿ, ನಾಲಿಗಿ ಏನ್ ಮುರೀತದೇನು?" ಎನ್ನುವರು. ನನ್ನನ್ನಂತೂ ಕಾಡಿಸಿಬಿಡುತ್ತಿದ್ದರು. "ಸರ್, ಚಹಾ ಆರಾಕತ್ತದ. ಕುಡಿಯಾಕ ಸುತ್ತೋಲೆ ಬರಬೇಕೇನು?"

ಅದೊಂದು ಶುಕ್ರವಾರ ಮುಡಬಿ ಹಳ್ಳಿಯಿಂದ ಬರುತ್ತಿದ್ದ ಹತ್ತನೆಯ ತರಗತಿಯ ಹುಡುಗಿ ನನ್ನ ಕೈಗೆ ರಜೆ ಅರ್ಜಿ ಕೊಟ್ಟಳು. ನಾನೇ ಅವಳ ಕ್ಲಾಸ್ ಟೀಚರ್. "ನನ್ನ ಅಕ್ಕನ ಮದುವೆಯ ಪ್ರಯುಕ್ತ ಮೂರು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ನಾನು ಕಲಿಸಿದಂತೆಯೇ ಇತ್ತು. ಸಹಿ ಹಾಕಿ "ಶಾಬಾಸ್" ಎಂದೆ. ಅವಳು ಹೋಗದೆ ಮೇಜಿನ ಹತ್ತಿರ ನಿಂತೇ ಇದ್ದಳು. "ಮತ್ತೇನು?" ಎಂದು ಗದರಿದೆ. "ಏನಿಲ್ರಿ" ಎಂದು ಹೊರಟುಹೋದಳು.

ಹಿಂದಿ ಟೀಚರ್ ಅರ್ಜಿ ಎತ್ತಿಕೊಂಡು ಓದಿದರು. ಅವರ ಮುಖ ಬಿಳಚಿಕೊಂಡಿತು.

"ಸರ್, ಆಕಿನೇ ಮನ್ಯಾಗ ಹಿರೇಕಿ. ಅಕ್ಕ ಎಲ್ಲಿಂದ ಬಂದ್ಳು? ಇದು ಆಕಿದೇ ಮದುವಿ. ನಡೀರಿ, ಈಗೇ ಮುಡಬಿಗಿ ಹೋಗಾಮು. ಇಲ್ಲಾಂದ್ರ ಮಕ್ಕಳ ಸಹಾಯವಾಣಿಗಿ ಫೋನ್ ಹಚ್ತೀನಿ."

ಹುಡುಗಿಗೆ ಹದಿನೈದು ವರ್ಷ. ನನಗೆ ಹೆದರಿಕೆಯಾಯಿತು, ಆದರೆ ಅವಳಿಗಾಗಿ ಅಲ್ಲ. ಅಂದಾಜು ಸುಳ್ಳಾದರೆ? ಊರವರು ಶಾಲೆಗೆ ಬಂದು ನನ್ನ ಕೊರಳಪಟ್ಟಿ ಹಿಡಿದರೆ? ದೊಡ್ಡಪ್ಪನ ಮಗಳ ಮದುವೆಯೂ ಇರಬಹುದಲ್ಲ! "ದುಡುಕಬ್ಯಾಡ್ರಿ, ಮೊದ್ಲು ಅವರಪ್ಪಗ ಕೇಳಿ ಖಾತ್ರಿ ಮಾಡ್ಕೋತೀನಿ" ಎಂದು ಹೊರಗೆ ಹೋಗಿ ನಂಬರು ತೆಗೆದೆ. ಒತ್ತಲಿಲ್ಲ. ಬೇವಿನ ಮರದ ಕೆಳಗೆ ಐದು ನಿಮಿಷ ಸುಮ್ಮನೆ ಫೋನನ್ನು ಕಿವಿಗಿಟ್ಟುಕೊಂಡು ನಿಂತೆ. ಒಳಗೆ ಬಂದು, "ಮಾತಾಡ್ದೆ. ದೊಡ್ಡಪ್ಪನ ಮಗಳ ಮದುವಿ ಅಂತ" ಎಂದೆ.

"ನೀವು ಖಾತ್ರಿ ಅಂದ್ರ ಖಾತ್ರಿನೇ ಬಿಡ್ರಿ" ಎಂದು ಅವರು ನಿಟ್ಟುಸಿರು ಬಿಟ್ಟು ತರಗತಿಗೆ ಹೋದರು. ಬಸ್ಸಿನ ಬೋರ್ಡನ್ನೂ ನಂಬದವನು ಸುಳ್ಳು ಹೇಳುತ್ತಾನೆಂದು ಯಾರಿಗೆ ಅನಿಸೀತು?

ಭಾನುವಾರ ಅವಳ ಮದುವೆಯಾಯಿತು. ಸೋಮವಾರ ಮುಡಬಿಯ ಮಕ್ಕಳೇ ಸುದ್ದಿ ತಂದರು. ಹಿಂದಿ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರಪ್ಪ ನಿಮಗೂ ಸುಳ್ಳು ಹೇಳ್ದನೇನ್ರಿ?" ಎಂದು ಕೇಳಿದರು. ನಾನು "ಹ್ಞೂಂ" ಎಂದೆ. ಥೂ, ನನ್ನ ಬಾಳಿಗೆ! ಮೊದಲ ಸುಳ್ಳಿಗಿಂತ ಆ ಹ್ಞೂಂ ನನಗೆ ಹೆಚ್ಚು ಹೇಸಿಗೆ ತರಿಸುತ್ತದೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ.

ಎರಡು ವರ್ಷದ ಮೇಲೆ ಮಾಣಿಕನಗರದ ಜಾತ್ರೆಯಲ್ಲಿ ಆ ಹುಡುಗಿ ಸಿಕ್ಕಳು. ಅವಳ ಅತ್ತೆ ಬಳೆ ಅಂಗಡಿಯೊಳಗಿದ್ದಳು, ಇವಳು ಕೂಸನ್ನು ಎತ್ತಿಕೊಂಡು ಹೊರಗೆ ನಿಂತಿದ್ದಳು. ಕೆನ್ನೆಗಳು ಒಳಗೆ ಹೋಗಿದ್ದವು. ಏನು ಮಾತಾಡಬೇಕೋ ತೋಚದೆ ಅಭ್ಯಾಸದಂತೆ ಗದರಿಯೇಬಿಟ್ಟೆ.

"ಅಲ್ಲಮ್ಮ, ನಿಂದೇ ಮದುವಿ ಅಂತ ನನಗ ಒಂದು ಮಾತು ಹೇಳಬಾರದಿತ್ತೇನು?"

ಅವಳಿಗೆ ಸಿಟ್ಟು ಬರಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಹೇಳಿದ್ನಲ್ರಿ ಸರ್. ಮದುವಿಗಿ ಹೋಗಾಕ ನಮ್ಮ ಸಾಲ್ಯಾಗ ಯಾರರ ರಜಿ ಚೀಟಿ ಕೊಡ್ತಾರೇನ್ರಿ? ಸುಮ್ನ ಹೋಗಿ ಬರ್ತಾರ. ಅಪ್ಪ ಬ್ಯಾಡಂದ್ರೂ ನಾ ಬರಕೊಂಡು ಬಂದಿದ್ದೆ. ಎಲ್ಲಾ ಎರಡೆರಡು ಸಲ ಕೇಳೋರು ನೀವು. ಇದನ್ನೂ ಕೇಳ್ತೀರಿ ಅಂತ ನಿಮ್ಮ ಮುಂದ ನಿಂತಿದ್ದೆ."