ಕೊರಿಂಥದವರ ಊಟದ ಹೊತ್ತು

ಹೆಬ್ಬಗೋಡಿಯಲ್ಲಿ ನಮ್ಮ ಸಣ್ಣ ಕ್ರೈಸ್ತ ಸಭೆ ಕೂಡುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಭಾನುವಾರ ಸಂಜೆ ಆರಕ್ಕೆ ಪ್ರಾರ್ಥನೆ, ಆರೂವರೆಗೆ ಬೈಬಲ್ ವಾಕ್ಯದ ಪಾಠ. ತಿಂಗಳ ಮೊದಲ ಭಾನುವಾರವಾದರೆ ಏಳಕ್ಕೆ ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವುದು, ಅದರ ಹಿಂದೆಯೇ ಪ್ರೇಮಭೋಜನ, ಅಂದರೆ ಮನೆಗಳಿಂದ ತಂದದ್ದನ್ನು ಎಲ್ಲರೂ ಕೂಡಿ ಉಣ್ಣುವುದು. ಈ ವೇಳಾಪಟ್ಟಿ ಹಾಕಿದವನು ನಾನೇ. ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು ಬೆಳೆದೆ. ಆಮೇಲೆ ಪೀಣ್ಯದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೂತು, ಯಾರು ಎಷ್ಟು ನಿಮಿಷ ತಡವೆಂದು ಬರೆಯುತ್ತಾ ನಿವೃತ್ತನಾದೆ. ಸಭೆಯ ಹಿರಿಯನಾದ ಮೇಲೂ ಏಳೆಂದರೆ ಏಳು.

ಕೊಪ್ಪಳ ಕಡೆಯ ನಾಲ್ವರು ಹೆಣ್ಣುಮಕ್ಕಳು ಏಳೂಮುಕ್ಕಾಲಕ್ಕೆ ಬರುತ್ತಿದ್ದರು. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಗೆ ಹೋಗುವವರು. ವಾರದ ರಜೆ ಅವರಿಗೆ ಭಾನುವಾರ ಸಿಗುತ್ತಿರಲಿಲ್ಲ. ಅವರ ಕಂಪನಿ ಬಸ್ಸು ಹೊಸೂರು ರಸ್ತೆಯಲ್ಲಿ ನಿಂತು ನಿಂತು ಬರುವಷ್ಟರಲ್ಲಿ ಇಲ್ಲಿ ರೊಟ್ಟಿಯೂ ಮುಗಿದು, ಸಭೆಯ ಅಪಾರ್ಟ್‌ಮೆಂಟಿನವರು ತಂದ ಕೋಳಿ ಪಲಾವೂ ಮುಗಿದು, ಅನ್ನ ಮತ್ತು ತಳದ ಸಾರು ಉಳಿದಿರುತ್ತಿತ್ತು. ಅವರು ಬಾಗಿಲ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ನಾನು ಚಾಪೆ ಸುತ್ತುತ್ತಿದ್ದೆ.

ಒಂದು ಭಾನುವಾರ ಅವರಲ್ಲಿ ಹಿರಿಯವಳು ತಟ್ಟೆಯಿಂದ ತಲೆ ಎತ್ತಿ ಕೇಳಿದಳು: "ಇವತ್ತ ಯಾವ ಪಾಠಾರೀ ಸರ?"

ಕೊರಿಂಥವೆಂಬ ಬಂದರು ಪಟ್ಟಣದ ಸಭೆಗೆ ಅಪೊಸ್ತಲನು ಬರೆದ ಪತ್ರ ಎಂದೆ. ಅಲ್ಲಿನವರು ಒಟ್ಟಿಗೆ ಊಟಕ್ಕೆ ಸೇರಿದಾಗ ಕೆಲವರು ಕುಡಿದು ತೇಗುತ್ತಿದ್ದರು, ಕೆಲವರು ಹಸಿದಿದ್ದರು; ಅದಕ್ಕೆ ಬೈದು ಬರೆದಿದ್ದಾನೆ ಎಂದೆ.

"ಹಸಿದವ್ರು ಯಾಕ ಹಸಿದಿದ್ರು?"

"ಅದು ಆತ್ಮದ ಹಸಿವಮ್ಮ," ಎಂದೆ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಹಾಗೇ ಇತ್ತು.

"ಹಸಿವಂದ್ರ ಹಸಿವ ಅಲ್ರೀ ಸರ? ಪಾಪ, ಅವ್ರೂ ಶಿಫ್ಟ್ ಮುಗಿಸಿ ಬಂದಿದ್ರೇನೋ!"

ಜೊತೆಯವರು ನಕ್ಕರು. ಅವಳು ನಗಲಿಲ್ಲ. ತಟ್ಟೆ ತೊಳೆದಿಟ್ಟು ಮೆಟ್ಟಿಲಿಳಿಯುವಾಗ ಹೇಳಿದಳು: "ಮುಂದಿನ ತಿಂಗಳಿಂದ ಊಟಕ್ಕ ನಮ್ಮ ಹಾದಿ ನೋಡಬ್ಯಾಡ್ರಿ. ಉಳಿದದ್ದು ಉಣ್ಣಾಕ ನಮ್ಮ ರೂಮಿನಾಗೂ ಉಳಿದಿರ್ತೈತಿ."

ಮರುದಿನ ಎಂದಿನಂತೆ ಐದಕ್ಕೆ ಎದ್ದೆ. ನೋಟ್‌ಬುಕ್ ಮುಟ್ಟಲಿಲ್ಲ. ದಿನಕ್ಕೊಂದು ತುಂಡು ಓದುವುದು ನನ್ನ ಪದ್ಧತಿ. ಅಂದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾ ಹೋದೆ. ಅದನ್ನು ಮೊದಲು ಕೇಳಿದವರ ಕೈಯಲ್ಲಿ ಪುಸ್ತಕವಿರಲಿಲ್ಲ, ಅಧ್ಯಾಯದ ಅಂಕಿಗಳಿರಲಿಲ್ಲ. ಯಾರೋ ಹೊತ್ತು ತಂದಿದ್ದರು, ಯಾರೋ ನಿಂತು ಓದಿದ್ದರು, ಮಿಕ್ಕವರು ಕೇಳಿದ್ದರು.

ಕಿಟಕಿಯಾಚೆ ಬೆಳಕು ಇನ್ನೂ ಬೂದಿಬಣ್ಣದಲ್ಲಿತ್ತು. ಓದುತ್ತಾ ಓದುತ್ತಾ ಕೊರಿಂಥದ ಒಂದು ಮನೆ ಕಾಣತೊಡಗಿತು. ಒಳಕೋಣೆಯಲ್ಲಿ ಒರಗಿ ಕೂರಲು ಕೆಲವೇ ಜನಕ್ಕೆ ಜಾಗ. ಹೊತ್ತಿಗೆ ಮುಂಚೆ ಬರಬಲ್ಲ ಅನುಕೂಲಸ್ಥರು ಅಲ್ಲಿದ್ದಾರೆ. ಎಣ್ಣೆದೀಪ, ಮೀನಿನ ವಾಸನೆ, ಮಾತು. ಕೆಳಗೆ ಬಂದರಿನಲ್ಲಿ ಮೂಟೆ ಇಳಿಸುವವರಿಗೆ, ಒಡೆಯನ ಮನೆಯ ಪಾತ್ರೆ ತೊಳೆಯುವ ದಾಸಿಯರಿಗೆ ಇನ್ನೂ ಬಿಡುವಾಗಿಲ್ಲ. ಕೊನೆಗೆ ಅವರು ಏರು ದಾರಿ ಹತ್ತಿ ಬರುತ್ತಾರೆ. ಅಂಗಳದಲ್ಲಿ ನಿಲ್ಲುತ್ತಾರೆ, ಊಟದ ಬುಟ್ಟಿಗಳು ಆಗಲೇ ಬರಿದಾಗಿವೆ. ಅವರ ಕಾಲಿನ ಧೂಳು ನಮ್ಮ ಹೊಸೂರು ರಸ್ತೆಯ ಧೂಳಿನಂತೆಯೇ ಇತ್ತು. ಕತ್ತಿನಲ್ಲಿ ಗುರುತಿನ ಚೀಟಿಗಳು ತೂಗುತ್ತಿದ್ದವು. ಒಳಗೆ ಯಾರೋ ಒಬ್ಬ ಮುದುಕ ಚಾಪೆ ಸುತ್ತುತ್ತಿದ್ದ.

ಅಯೋಗ್ಯವಾಗಿ ಉಣ್ಣಬೇಡಿ ಎಂಬ ಪತ್ರದ ಮಾತನ್ನು ಹಿಡಿದು ನಾನು ವರ್ಷಗಟ್ಟಲೆ ಜನರಿಗೆ ಒಳಗಿನ ಪಾಪ ಹುಡುಕಿಕೊಳ್ಳಲು ಹೇಳಿದ್ದೆ. ಅಪೊಸ್ತಲನು ಅದನ್ನು ಬರೆದದ್ದು ಆ ಬರಿದಾದ ಬುಟ್ಟಿಗಳ ಸುದ್ದಿ ಕಿವಿಗೆ ಬಿದ್ದ ಮೇಲೆ. ಅಷ್ಟು ಬೈಗುಳದ ತುದಿಯಲ್ಲಿ ಅವನು ಕೇಳಿದ್ದು ಸಣ್ಣದು: ಊಟಕ್ಕೆ ಕೂಡುವಾಗ ಒಬ್ಬರಿಗೊಬ್ಬರು ಕಾಯಿರಿ.

"ಎಲ್ಲಿಗ್ರೀ ಹೋಗ್ಬಿಟ್ರಿ ಕೂತಲ್ಲೇ? ಕಾಫಿ ಆರೋಯ್ತು," ಎಂದಳು ನನ್ನ ಹೆಂಡತಿ.

ಆ ವಾರವೇ ಆ ಹೆಣ್ಣುಮಕ್ಕಳ ಕೋಣೆಗೆ ಹೋದೆ. ತಪ್ಪು ನನ್ನದು, ಪಾಠವನ್ನು ನೀನು ನನಗಿಂತ ಸರಿಯಾಗಿ ಓದಿದೆ, ಮುಂದಿನ ಸಲ ನೀವು ಬರುವವರೆಗೆ ರೊಟ್ಟಿ ಮುರಿಯುವುದಿಲ್ಲ ಎಂದೆ. ಹಿರಿಯವಳು ಬಟ್ಟೆ ಹಿಂಡುತ್ತಿದ್ದಳು. "ನೋಡ್ತೀವ್ರಿ," ಎಂದಳು, ಅಷ್ಟೇ.

ಮೊದಲ ಭಾನುವಾರ ಬಂತು. ಏಳಾಯಿತು, ಪಾತ್ರೆಗಳ ಮುಚ್ಚಳ ತೆಗೆಯಲಿಲ್ಲ. ಏಳೂಕಾಲಕ್ಕೆ ಒಬ್ಬ ಎಂಜಿನಿಯರ್ ಹತ್ತಿರ ಬಂದ. "ಅಂಕಲ್, ನಿಂತೋಗಿರೋದು ಗಡಿಯಾರನಾ, ನೀವಾ?"

ವಿಷಯ ಹೇಳಿದೆ. ಮಕ್ಕಳಿಗೆ ಮೊದಲು ಬಡಿಸಿದೆವು. ದೊಡ್ಡವರು ಗೊಣಗುತ್ತಾ, ಆಮೇಲೆ ಹಾಡುತ್ತಾ ಕೂತರು. ಏಳೂಮುಕ್ಕಾಲಕ್ಕೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೂವರೇ ಬಂದಿದ್ದರು, ಹಿರಿಯವಳಿರಲಿಲ್ಲ.

"ಅಕ್ಕಗ ಓವರ್‌ಟೈಮ್ ಹಾಕ್ಯಾರ. ಆಕಿ ಬಂದ್ರ ಬಂದ್ಲು, ಇಲ್ಲಂದ್ರ ಇಲ್ಲ. ನೀವು ಉಣ್ರಿ ಅಂದಾಳ್ರಿ."

ಎಲ್ಲರ ಕಣ್ಣೂ ನನ್ನ ಮೇಲಿತ್ತು. ಪಲಾವು ಆರುತ್ತಿತ್ತು. ಬಂದಿರುವ ಮೂವರು ಸಾಕೆಂದು ನಾನು ಅಂದುಬಿಟ್ಟರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಕೊರಿಂಥದ ಆ ಅಂಗಳದಲ್ಲಿ ನಿಂತವರು ನನಗಿನ್ನೂ ಕಾಣುತ್ತಿದ್ದರು. "ಕಾಯೋಣ," ಎಂದೆ.

ಎಂಟೂಕಾಲು ದಾಟಿದ ಮೇಲೆ ಅವಳು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಮುಚ್ಚಿದ ಪಾತ್ರೆಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಇನ್ನಾ ಉಂಡಿಲ್ಲೇನ್ರಿ? ಶುಗರ್ ಐತಿ ನಿಮಗ! ಅಮ್ಮಾರ, ನೀವರ ಹೇಳಬಾರದೇನ್ರಿ ಇವರಿಗೆ?"

"ನನ್ ಮಾತು ಯಾವತ್ತು ಕೇಳಿದಾರಮ್ಮ?" ಎಂದಳು ನನ್ನ ಹೆಂಡತಿ.

ಅವಳು ಕೈ ತೊಳೆದು ಬಂದು ಗೆಳತಿಯರನ್ನು ಆಚೀಚೆ ಸರಿಸಿ ವೃತ್ತದೊಳಗೆ ಕೂತಳು. ರೊಟ್ಟಿ ಮುರಿದೆ. ಅದು ಕೈಯಿಂದ ಕೈಗೆ ಹೋಗಿ ಅವಳನ್ನು ತಲುಪಿತು. ಊಟದ ನಡುವೆ ಅವಳೇ ಮಾತು ತೆಗೆದಳು.

"ಮುಂದಿನ ತಿಂಗಳ ನಮ್ಮ ನಾಲ್ಕೂ ಮಂದಿದು ನೈಟ್ ಶಿಫ್ಟ್ ರೀ ಸರ. ಬೆಳತನಕಾ ಕಾಯ್ತೀರೇನು?"

"ಮಧ್ಯಾಹ್ನ ಇಟ್ಟುಕೊಳ್ಳೋಣ."

"ಮಧ್ಯಾಹ್ನ ಮಲಗಿರ್ತೀವ್ರಿ. ಐದಕ್ಕ ಇಡ್ರಿ."

ಐದಕ್ಕೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.