ತೊಟ್ಟಿಲಿಗೆ ಹತ್ತಿದ ಸಿಗ್ನಲ್

ಬೆಳಿಗ್ಗೆ ನಮ್ಮಾಕಿ ಅಂಗಳಕ್ಕೆ ಥಳಿ ಹೊಡೆಯುವಾಗ ನಾನು ಚಹಾದ ಕಪ್ಪು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತೇನೆ. ಒಂದು ಕೈಯಲ್ಲಿ ಬಕೀಟು, ಇನ್ನೊಂದು ಕೈಯಿಂದ ನೀರು ಚಿಮ್ಮಿಸುತ್ತ ಆಕೆ ಹಿಂದೆ ಹಿಂದೆ ಸರಿಯುತ್ತಾಳೆ. ಒಣಮಣ್ಣಿಗೆ ನೀರು ಬಿದ್ದ ವಾಸನೆ ಏಳುತ್ತದೆ. ಕೇಶ್ವಾಪುರದ ನಮ್ಮ ಓಣಿಯಲ್ಲಿ ಎಲ್ಲರೂ ಮನೆಯ ಮುಂದೆ ಫರಸಿಕಲ್ಲು ಹಾಕಿಸಿಕೊಂಡರು, ಮಣ್ಣಿನ ಅಂಗಳ ಉಳಿದದ್ದು ನಮ್ಮದೊಂದೇ. ಜುಗ್ಗ ಅನ್ನುವವರು ಅನ್ನಲಿ. ನನಗೆ ಆ ಹನಿಗಳನ್ನು ನೋಡಬೇಕು. ಒಂದೊಂದು ಹನಿಯೂ ಮಣ್ಣಿನ ಮೇಲೆ ದುಂಡಗೆ ಹರಡುತ್ತದೆ, ಒಂದರ ಅಂಚು ಇನ್ನೊಂದರ ಮೇಲೆ ಏರುತ್ತದೆ, ನೋಡನೋಡುತ್ತ ಅಂಗಳವೆಲ್ಲ ತೋಯ್ದಂತೆ ಕಾಣುತ್ತದೆ. ಆದರೆ ಸರಿಯಾಗಿ ನೋಡ್ರಿ, ಎಲ್ಲೋ ಒಂದು ಕಡೆ ಅಂಗೈಯಷ್ಟು ಜಾಗ ಒಣಗಿಯೇ ಉಳಿದಿರುತ್ತದೆ.

ಅಂಥದೊಂದು ಒಣ ಜಾಗದಲ್ಲಿ ನನ್ನ ಸಂಸಾರ ಒಮ್ಮೆ ಸಿಕ್ಕಿಕೊಂಡಿತ್ತು.

ಈಗ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ, ಮನೆಮನೆಗೆ ವೈಫೈ ಕೂಡಿಸಿಕೊಡುತ್ತೇನೆ. ಆಗ ನಾನು ಮೊಬೈಲ್ ಟಾವರ್ ಕಟ್ಟುವ ಗ್ಯಾಂಗಿನಲ್ಲಿದ್ದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ಆದರೆ ಎತ್ತರಕ್ಕೆ ಹೆದರಿದವನಲ್ಲ. ತುದಿಯಲ್ಲಿ ಕೂತು ಕೆಳಗೆ ನೋಡಿದರೆ ಇಡೀ ಸೀಮೆಗೆ ಮಾತು ಹಂಚುವವನು ನಾನೇ ಅನ್ನಿಸುತ್ತಿತ್ತು. ಸೊಕ್ಕು ಅಂದರೂ ನಡೆದೀತು. ಮುಗದ ಅನ್ನುವ ಊರಿನ ಹತ್ತಿರದ ಟಾವರಿಗೂ ನಾನೇ ಏರಿದ್ದೆ. ಆ ಊರಿನ ಹುಡುಗಿಯನ್ನು ಮಾಡಿಕೊಂಡ ಮೇಲಂತೂ ಅತ್ತೆಯ ಮುಂದೆ ಎದೆ ಉಬ್ಬಿಸಿ ಹೇಳಿದ್ದೆ: "ಅತ್ತಿ, ಇನ್ನ ನಿಮ್ಮ ಅಡಗಿಮನಿ ಒಲಿ ಮುಂದ ಕುಂತರೂ ಫುಲ್ ಸಿಗ್ನಲ್!"

ಚೊಚ್ಚಲ ಹೆರಿಗೆಗೆ ನಮ್ಮಾಕಿ ತವರಿಗೆ ಹೋದಳು. ಕೂಸು ಹುಟ್ಟಿದಾಗ ನಾನು ರಾಯಚೂರು ಕಡೆ ಅರ್ಧ ಎದ್ದ ಟಾವರಿನ ಮೇಲಿದ್ದೆ. ಮಳೆಗಾಲದ ಮೊದಲು ಮುಗಿಸಲೇಬೇಕು, ಬಿಟ್ಟು ಬರುವ ಹಾಗಿಲ್ಲ. ಅತ್ತೆಯ ಫೋನ್ ಬಂತು, ಹೆಣ್ಣು ಕೂಸು, ಇಬ್ಬರೂ ಆರಾಮ. "ಆಕಿ ಕೈಯಾಗ ಕೊಡ್ರಿ" ಅಂದೆ. ಅತ್ತೆ ಒಳಗೆ ಹೋದಳು, ಫೋನು ಕಟ್ಟಾಯಿತು.

ದಿನಾ ಇದೇ ಹಾಡು. ಆ ಮನೆಯಲ್ಲಿ ಸಿಗ್ನಲ್ ಹತ್ತುವುದು ಹೊರಗಿನ ಕಟ್ಟೆಯ ಮೇಲೆ ಮಾತ್ರ, ಬಾಣಂತಿಯ ಕೋಣೆಯಲ್ಲಿ ಒಂದು ಕಡ್ಡಿಯೂ ಇಲ್ಲ. ಬಾಣಂತಿ ಗಾಳಿಗೆ ಹೊರಗೆ ಬರುವಂತಿಲ್ಲ.

"ಒಂದ ನಿಮಿಷ, ಕಿವಿಗೆ ಅರಬಿ ಕಟಗೊಂಡು ಬರ್ಲಿ ಅತ್ತಿ."

"ಒಂದ ನಿಮಿಷದ ಗಾಳಿ ಜನ್ಮಾ ಪೂರ್ತಿ ಕಾಡತೈತಿ. ಅಲ್ರಿ ಅಳ್ಯಾರ, ನಿಮ್ಮ ಟಾವರಿಗೆ ನಮ್ಮ ಹೊಸ್ತಲಾ ದಾಟಾಕ ನಾಚಿಕಿ ಅಕ್ಕೈತೇನು?"

ಹೀಗಾಗಿ ಅತ್ತೆಯೇ ನಮ್ಮಿಬ್ಬರ ನಡುವಿನ ತಂತಿಯಾದಳು. ಅತ್ತೆಯ ಕೈಯಲ್ಲಿ ಹೆಂಡತಿಗೆ ಹೇಳಿಕಳಿಸುವಂಥ ಮಾತು ಎಷ್ಟಿದ್ದಾವು, ನೀವೇ ಹೇಳ್ರಿ. "ಆರಾಮ ಇರು ಅಂತ ಹೇಳ್ರಿ" ಅನ್ನುತ್ತಿದ್ದೆ. ಒಳಗೆ ಹೋಗಿ ಬಂದು, "ಆಗ್ಲಿ ಅಂದ್ಲು" ಅನ್ನುತ್ತಿದ್ದಳು. ಆ "ಆಗ್ಲಿ"ಯಲ್ಲಿ ಏನಿದೆ? ನಿದ್ದೆಯೋ, ಸಿಟ್ಟೋ? ನಾನು ಬರಲಿಲ್ಲವೆಂದು ಆಕೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೋ ಏನೋ? ಅದೊಂದು ಗೊತ್ತಾದರೆ ಸಾಕಾಗಿತ್ತು ನನಗೆ. ಅದನ್ನು ಆಕೆಯ ದನಿಯಲ್ಲೇ ಕೇಳಬೇಕಿತ್ತು.

ನಮ್ಮ ಇಂಜಿನಿಯರ್ ಸಾಹೇಬರು ಧಾರವಾಡದವರು, ಸಮಾಧಾನದ ಮನುಷ್ಯ. ಅವರೆದುರು ಕೂಗಾಡಿದೆ, ಸುತ್ತಲೂ ಟಾವರ್ ಇದ್ದರೂ ನನ್ನ ಹೆಂಡತಿಯ ಕೋಣೆಗೇ ಯಾಕೆ ಹೀಗೆ ಅಂತ.

"ಟಾವರ್ ನಾವು ಬೇಕಂದಲ್ಲೆ ನಿಲ್ತಾವೇನೋ?" ಅಂದರು. "ಒಬ್ಬಾವ ಜಾಗಾ ಕೊಡ್ತಾನ, ಒಬ್ಬಾವ ಒಲ್ಲೆ ಅಂತಾನ. ಕಡೀಗೆ ನಕಾಶಿ ನೋಡಿದ್ರ ಕಣ್ಣು ಮುಚ್ಚಿ ಕಾಳು ಚೆಲ್ಲಿಧಂಗ ಇರ್ತದ. ಅದಕ್ಕ ಲೆಕ್ಕಾ ಹಾಕವ್ರೂ ಚೆಲ್ಲ್ಯಾರ ಅಂತನ ಹಿಡೀತಾರ. ಒಂದೊಂದು ಕಾಳಿನ ಸುತ್ತ ಒಂದೊಂದು ದುಂಡು. ಎಷ್ಟು ಚೆಲ್ಲಿದ್ರ ಎಷ್ಟು ಭಾಗ ಖಾಲಿ ಉಳೀತದ, ಅದನ್ನ ಛಲೋತ್ನಂಗ ಹೇಳಬಹುದು. ಎಲ್ಲೆ ಉಳೀತದ ಅನ್ನೂದನ್ನ ಆ ಲೆಕ್ಕ ಹೇಳೂದಿಲ್ಲ."

"ಇನ್ನೊಂದಿಷ್ಟು ಚೆಲ್ಲಿದ್ರ ಮುಗೀತಲ್ರಿ?"

"ಅಂಗಳಕ್ಕ ಥಳಿ ಹೊಡಧಂಗ ಇದು, ಚೆಲ್ಲಿದ್ದು ತೋಯ್ದ ಜಾಗದ ಮ್ಯಾಲೇನ ಹೆಚ್ಚು ಬೀಳ್ತದಪಾ. ಕಡೇ ಒಣಾ ಚುಕ್ಕಿಗೆ ಭಾಳ ನೀರು ಬೇಕು."

ಲೆಕ್ಕ ಸರಿಯಿತ್ತು. ಸಂಜೆ ಮತ್ತೆ ಅತ್ತೆಗೇ ಫೋನು ಹಚ್ಚಿದೆ.

ಕೂಸನ್ನು ತೊಟ್ಟಿಲಿಗೆ ಹಾಕಿದ ಮರುದಿನ ಅತ್ತೆಯ ಫೋನು ಬಂತು. ಹಿಂದೆ ತೊಟ್ಟಿಲ ಸರಪಳಿಯ ಕಿರ್ ಕಿರ್ ಸಪ್ಪಳ. ಕೂಸಿನ ಅಳು ನನಗೆ ಕೇಳಲಿ ಎಂದು ಫೋನನ್ನು ಹಾಗೇ ಒಳಗೆ ಒಯ್ದು ತೊಟ್ಟಿಲಲ್ಲಿ ಕಾಲ ಕಡೆ ಇಟ್ಟಿದ್ದಳಂತೆ. ಈ ಸಲ ಕಟ್ಟಾಗಲಿಲ್ಲ! ತೊಟ್ಟಿಲು ಬಾಗಿಲ ಕಡೆ ಹೋದಾಗ ಸಿಗ್ನಲ್ ಹತ್ತುತ್ತದೆ, ನಮ್ಮಾಕಿ ಕೂತ ಹೊರಸಿನ ಕಡೆ ಬಂದಾಗ ಹೋಗುತ್ತದೆ. ಪೂರ್ತಿ ಕಟ್ಟಾಗುವಷ್ಟರಲ್ಲಿ ಮತ್ತೆ ಬಾಗಿಲಿಗೆ. ಅತ್ತೆ ಹಗ್ಗ ಜಗ್ಗುತ್ತಲೇ ಇದ್ದಳು.

ಎಂಥ ಪಜೀತಿ ನೋಡ್ರಿ. ಫೋನು ಬಾಯಿಯ ಹತ್ತಿರ ಬಂದಾಗ ಸಿಗ್ನಲ್ ಇಲ್ಲ, ಸಿಗ್ನಲ್ ಇದ್ದಾಗ ಫೋನು ದೂರ. ಆಕೆ ಕೂಗಿ ಹೇಳಿದ್ದಷ್ಟೇ ನನಗೆ ಮುಟ್ಟಿತು.

"ಮೂಗು ಥೇಟ್ ನಿಮ್ಮದರಿ!" ಕಿರ್... ಮೌನ. "ಬೆಣ್ಣಿ ತರ್ರಿ!" ಕಿರ್... ಮೌನ.

"ಸಿಟ್ಟಾಗೀಯೇನ?" ಅಂತ ಟಾವರಿನ ಮೇಲಿಂದ ನಾನೂ ಒದರಿದೆ. ಕೆಳಗಿನ ಗ್ಯಾಂಗೆಲ್ಲ ತಲೆ ಎತ್ತಿ ನೋಡಿತು.

"ಸಿಟ್ಟೇನೂ ಇಲ್ಲ! ಆದ್ರ..." ತೊಟ್ಟಿಲು ಹೊರಸಿನ ಕಡೆ ಹೋಯಿತು. ತಿರುಗಿ ಬಂದಾಗ ಕೇಳಿಸಿದ್ದು ಅತ್ತೆಯ ನಗು. ಹಿಂದೆಯೇ ನಮ್ಮಾಕಿ, "ತಿಳೀತಿಲ್ರಿ?"

"ತಿಳೀತು" ಅಂದೆ. ನಾನು ಕಟ್ಟಿದ ಟಾವರ್, ತಿಳಿಯಲಿಲ್ಲ ಅಂತ ಹೇಗೆ ಅನ್ನಲಿ?

ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ, ಮೂಗು ನನ್ನದೇ. ಇವತ್ತು ಬೆಳಿಗ್ಗೆ ಥಳಿಯ ವಾಸನೆಗೋ ಏನೋ, ಬಾಯಿ ಬಿಟ್ಟೆ.

"ಅವತ್ತ ತೊಟ್ಟಲದಾಗಿನ ಫೋನಿಗೆ 'ಆದ್ರ' ಅಂದಿದ್ದಿಯಲ್ಲ, ಮುಂದ ಏನಂದಿ?"

"ತಿಳೀತು ಅಂದಿದ್ರಲ್ಲ?"

"ತಿಳಿದಿರಲಿಲ್ಲ."

ಆಕೆ ಬಕೀಟು ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು, ಅವರವ್ವನ ಹಾಗೇ ನಕ್ಕಳು. "ಇದನ್ನ ಒಪ್ಪಾಕ ಇಷ್ಟು ವರ್ಷ ಬೇಕಾತೇನ್ರಿ? ನಾ ಹೇಳೂದಿಲ್ಲ. ಹೋಗಿ ನಿಮ್ಮ ಟಾವರ್‌ನ ಕೇಳ್ರಿ."

ಕಟ್ಟೆ ಇಳಿದು ಅಂಗಳದ ನಡುವೆ ಬರಿಗಾಲಲ್ಲಿ ನಿಂತೆ.

"ಆ ಕಡೆ ಸರೀರಿ, ನೀವು ನಿಂತಲ್ಲೆ ಒಣಾ ಉಳದೈತಿ."

"ಉಳೀಲಿ ಬಿಡು, ಅದೊಂದು."

ಆಕೆ ಬಕೀಟಿನ ತಳದಲ್ಲಿದ್ದ ನೀರನ್ನೆಲ್ಲ ನನ್ನ ಕಾಲ ಮೇಲೆ ಸುರಿದು ಒಳಗೆ ಹೋದಳು. ಕಪ್ಪಿನಲ್ಲಿ ಚಹಾ ಆರಿತ್ತು. ಕಾಲು ತೆಗೆದು ನೋಡಿದೆ. ನನ್ನ ಎರಡೂ ಹೆಜ್ಜೆಯ ಅಡಿಯಲ್ಲಿ ಮಣ್ಣು ಇನ್ನೂ ಒಣಗಿಯೇ ಇತ್ತು.